ಲಿಂಕ್‌ನ ಹಿಂದೆ ಲಿಂಕ್: ಎಲ್ಲಿ ನಿಂತು ಓದುತ್ತೀರಿ?

(ಮಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಮತ್ತು ಊರಿನ ಕೆಲವು ಪ್ರೋಗ್ರಾಮರ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಸೆಕೆಯಲ್ಲಿ ಫೈಲ್ ಸಿಸ್ಟಮ್ ಬಗ್ಗೆ ಕೇಳಲು ಬಂದಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ನಿಮ್ಮಲ್ಲಿ ಯಾರ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಉಂಟು? ಅದರಲ್ಲಿ ಜಾವಾ ಇದ್ದರೆ ಅದರ ಕಮಾಂಡ್ ಎಲ್ಲಿದೆ ಅಂತ ಹುಡುಕಿ ನೋಡಿ. ಯುಎಸ್‌ಆರ್ ಬಿನ್ ಫೋಲ್ಡರ್‌ನಲ್ಲಿ 'ಜಾವಾ' ಸಿಗುತ್ತದೆ. ಆದರೆ ಅದು ಸಿಂಬಾಲಿಕ್ ಲಿಂಕ್, ಚಿಕ್ಕದಾಗಿ ಸಿಮ್‌ಲಿಂಕ್: ಇನ್ನೊಂದು ಫೈಲ್ ಎಲ್ಲಿದೆ ಅಂತ ಹೇಳುವ ಫೈಲ್. ಅದು ಇಟಿಸಿ ಆಲ್ಟರ್ನೇಟಿವ್ಸ್ ಫೋಲ್ಡರ್‌ನ ಇನ್ನೊಂದು 'ಜಾವಾ'ದ ಕಡೆ ಕೈ ತೋರಿಸುತ್ತದೆ. ಅದೂ ಲಿಂಕೇ. ಅಲ್ಲಿಂದ ಜೆವಿಎಂ ಫೋಲ್ಡರ್‌ನೊಳಗೆ ವರ್ಷನ್ ನಂಬರ್ ಇರುವ ಜಾಗಕ್ಕೆ ಹೋದರೆ ಮಾತ್ರ ನಿಜವಾದ ಪ್ರೋಗ್ರಾಮ್ ಸಿಗುತ್ತದೆ. ಇದನ್ನೇ ನಾವು ಸಿಮ್‌ಲಿಂಕ್ ಸರಪಳಿ ಅನ್ನುವುದು. ಯಾರೋ ತಮಾಷೆಗೆ ಮಾಡಿದ್ದಲ್ಲ. ಎರಡು ಜಾವಾ ವರ್ಷನ್ ಇದ್ದಾಗ ಯಾವುದು ಓಡಬೇಕು ಅಂತ ನಡುವಿನ ಲಿಂಕ್ ಒಂದನ್ನೇ ಬದಲಿಸಿದರೆ ಆಯಿತು.

ಸಿಮ್‌ಲಿಂಕ್ ಯುನಿಕ್ಸ್ ಲೋಕಕ್ಕೆ ಹರಡಿದ್ದು 1983ರಲ್ಲಿ ಬಂದ, ಯುನಿಕ್ಸ್‌ನದೇ ಆವೃತ್ತಿಯಾದ 4.2 ಬಿಎಸ್‌ಡಿ ಮೂಲಕ. ನಲವತ್ತು ವರ್ಷ ದಾಟಿದೆ. ಆದರೂ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡುವ ಕೋಡ್ ಬರೆಯುವಾಗ ಜನ ಇಲ್ಲೇ ಮುಗ್ಗರಿಸುತ್ತಾರೆ. ಯಾಕೆ ಅಂದರೆ, ಲಿಂಕ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಪಾಯಿಂಟರ್, ಗುರಿಯನ್ನೇ ನೇರವಾಗಿ ಹಿಡಿದಿರುವ ಸೂಚಕ. ಈ ಚಿತ್ರವೇ ತಪ್ಪು. ಸಿಮ್‌ಲಿಂಕ್ ಒಳಗೆ ಇರುವುದು ಒಂದು ಸಾಲು ಪಠ್ಯ, ಅಷ್ಟೇ. ಆ ಪಠ್ಯಕ್ಕೆ ಅರ್ಥ ಬರುವುದು ಅದನ್ನು ಓದುವ ಹೊತ್ತಿಗೆ, ಓದುವ ಜಾಗದಿಂದ.

ಹಂಪನಕಟ್ಟೆಯಲ್ಲಿ ಯಾರನ್ನೋ ದಾರಿ ಕೇಳಿದಿರಿ ಅಂತಿಟ್ಟುಕೊಳ್ಳಿ. 'ಎಡಕ್ಕೆ ತಿರುಗಿ ಎರಡನೇ ಬಿಲ್ಡಿಂಗ್' ಅಂದರು. ಆ ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಕಂಕನಾಡಿಗೆ ಹೋಗಿ ಓದಿದರೆ ಏನು ಪ್ರಯೋಜನ? ಚೀಟಿ ಸರಿಯಾಗಿಯೇ ಇದೆ, ನಿಂತ ಜಾಗ ತಪ್ಪು. ರಿಲೇಟಿವ್ ಲಿಂಕ್, ಅಂದರೆ ಪೂರ್ತಿ ಪಾತ್ (ಫೈಲ್‌ನ ವಿಳಾಸ) ಬರೆಯದ ಲಿಂಕ್, ಇಂಥ ಚೀಟಿ. ಅದನ್ನು ಆ ಲಿಂಕ್ ಇರುವ ಡೈರೆಕ್ಟರಿಯಲ್ಲಿ, ಅಂದರೆ ಫೋಲ್ಡರ್‌ನಲ್ಲಿ, ನಿಂತೇ ಓದಬೇಕು. ನಿಮ್ಮ ಪ್ರೋಗ್ರಾಮ್ ಓಡುತ್ತಿರುವ ಡೈರೆಕ್ಟರಿಯಲ್ಲಿ ಅಲ್ಲ, ಸರಪಳಿಯ ಮೊದಲ ಲಿಂಕ್ ಇದ್ದ ಡೈರೆಕ್ಟರಿಯಲ್ಲೂ ಅಲ್ಲ.

ಉದಾಹರಣೆಗೆ ಮೀನಿನ ದರ ಇಡುವ ಒಂದು ಫೋಲ್ಡರ್ ಮಾಡೋಣ. ಇದು ಲಿಂಕ್:

/ಮೀನು/ಇವತ್ತು → ಮಲ್ಪೆ/ಹೊಸದು

ಆ 'ಹೊಸದು' ಕೂಡ ಲಿಂಕ್:

/ಮೀನು/ಮಲ್ಪೆ/ಹೊಸದು → ../ದರಪಟ್ಟಿ/ಬಂಗುಡೆ

ಮೊದಲ ಹೆಜ್ಜೆ ಸುಲಭ. /ಮೀನು ಒಳಗೆ ನಿಂತು 'ಮಲ್ಪೆ/ಹೊಸದು' ಓದಿದರೆ /ಮೀನು/ಮಲ್ಪೆ/ಹೊಸದು. ಎರಡನೇ ಹೆಜ್ಜೆಗೆ ನಾವು /ಮೀನು/ಮಲ್ಪೆ ಒಳಗೆ ನಿಂತಿರಬೇಕು. ಅಲ್ಲಿಂದ ಒಂದು ಮೇಲೆ ಹತ್ತಿ ದರಪಟ್ಟಿಗೆ ಇಳಿದರೆ /ಮೀನು/ದರಪಟ್ಟಿ/ಬಂಗುಡೆ. ಸರಿ. ಆದರೆ ಸರಪಳಿಯನ್ನು ಒಂದೊಂದಾಗಿ ಬಿಡಿಸುವ ಲೂಪ್ ಬರೆಯುವಾಗ ಬೇಸ್ ಡೈರೆಕ್ಟರಿಯನ್ನು (ನಿಂತು ಓದುವ ಜಾಗವನ್ನು) ಲೂಪ್‌ನ ಹೊರಗೆ ಒಮ್ಮೆ ಲೆಕ್ಕ ಹಾಕಿ ಇಟ್ಟುಕೊಂಡಿದ್ದರೆ? /ಮೀನು ಒಳಗಿನಿಂದ ಮೇಲೆ ಹತ್ತುತ್ತೀರಿ, /ದರಪಟ್ಟಿ/ಬಂಗುಡೆ ಹುಡುಕುತ್ತೀರಿ. ಅಂಥದ್ದು ಇಲ್ಲವೇ ಇಲ್ಲ. ಒಂದೇ ಲಿಂಕ್ ಇಟ್ಟು ಟೆಸ್ಟ್ ಬರೆದರೆ ಈ ದೋಷ ಕಾಣುವುದಿಲ್ಲ. ಎರಡು ಲಿಂಕ್ ಇದ್ದರೂ ಎರಡೂ ಒಂದೇ ಫೋಲ್ಡರ್‌ನಲ್ಲಿದ್ದರೆ ಕಾಣುವುದಿಲ್ಲ. ಬೇರೆ ಬೇರೆ ಫೋಲ್ಡರ್‌ನಲ್ಲಿ ಇಟ್ಟಾಗಲೇ ಹೊರಗೆ ಬರುತ್ತದೆ. ಸರಪಳಿಗೆ ಟೆಸ್ಟ್ ಬರೆಯುವುದಾದರೆ ಕಡಿಮೆ ಪಕ್ಷ ಇದೊಂದನ್ನು ಬರೆಯಿರಿ.

ಈಗ ಒಂದು ಪ್ರಶ್ನೆ. ನಿಮಗೆ ಬೇಕಾದದ್ದು ಮುಂದಿನ ಹೆಜ್ಜೆಯಾ, ಕೊನೆಯ ಹೆಜ್ಜೆಯಾ? ಇವೆರಡೂ ಬೇರೆ ಕೆಲಸ. ಪೈಥಾನ್‌ನಲ್ಲಿ ರೀಡ್‌ಲಿಂಕ್ ಮೊದಲನೆಯದನ್ನು ಕೊಡುತ್ತದೆ, ರಿಯಲ್‌ಪಾತ್ ಎರಡನೆಯದನ್ನು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ಗೆ ಈ ಸೌಲಭ್ಯ ಬಂದದ್ದು ಬಹಳ ತಡವಾಗಿ, 2021ರ ಡಾಟ್‌ನೆಟ್ 6ರಲ್ಲಿ. ಅಲ್ಲಿ ರಿಸಾಲ್ವ್‌ಲಿಂಕ್‌ಟಾರ್ಗೆಟ್ ಅನ್ನುವ ಒಂದೇ ಮೆಥಡ್, ಕೊನೆಯವರೆಗೆ ಹೋಗಬೇಕೇ ಬೇಡವೇ ಅಂತ ಹೇಳಲು ಒಂದು ಬೂಲಿಯನ್. ಪ್ರಶ್ನೆಯನ್ನು ಕಡ್ಡಾಯವಾಗಿ ಕೇಳುತ್ತದಲ್ಲ, ಅದು ನನಗೆ ಇಷ್ಟ.

ಹೆಚ್ಚಿನವರು ಕೊನೆಯದನ್ನೇ ಕೇಳುತ್ತಾರೆ. ಅಗತ್ಯ ಇಲ್ಲದಿದ್ದರೂ ಕೇಳುತ್ತಾರೆ. ಫೈಲ್ ತೆರೆದು ಓದುವುದಷ್ಟೇ ಕೆಲಸವಾದರೆ ಲಿಂಕ್‌ನ ಪಾತ್ ಕೊಟ್ಟು ತೆರೆಯಿರಿ. ಸರಪಳಿ ಬಿಡಿಸುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೆಲಸ, ಅದು ನಿಮಗಿಂತ ಚೆನ್ನಾಗಿ ಮಾಡುತ್ತದೆ. ಕೊನೆಯ ಪಾತ್ ಕಂಡುಹಿಡಿದು ಅದನ್ನು ಕಾನ್ಫಿಗ್ ಫೈಲ್‌ನಲ್ಲಿ ಬರೆದಿಡುವುದು ಇನ್ನೂ ಕೆಟ್ಟ ಅಭ್ಯಾಸ. ಮೊದಲು ಹೇಳಿದ ಜಾವಾವನ್ನೇ ನೋಡಿ. ಕೊನೆಯ ಪಾತ್‌ನಲ್ಲಿ ವರ್ಷನ್ ನಂಬರ್ ಇದೆ. ಹೊಸ ವರ್ಷನ್ ಹಾಕಿ ಹಳೆಯದನ್ನು ತೆಗೆದ ದಿನ ನೀವು ಬರೆದಿಟ್ಟ ಪಾತ್ ಸತ್ತಿತು. ನಡುವಿನ ಲಿಂಕ್ ಇಟ್ಟದ್ದೇ ಇದನ್ನು ತಪ್ಪಿಸಲು, ಅಲ್ವಾ? ಮ್ಯಾಕ್‌ನಲ್ಲಿ ಪ್ರೋಗ್ರಾಮ್ ಇನ್‌ಸ್ಟಾಲ್ ಮಾಡುವ ಹೋಮ್‌ಬ್ರೂ ಬಳಸುವವರಿಗೂ ಇದೇ ಕಥೆ. ಅಲ್ಲಿನ ಕಮಾಂಡ್‌ಗಳೆಲ್ಲ 'ಸೆಲ್ಲರ್' ಫೋಲ್ಡರ್‌ನ ವರ್ಷನ್ ನಂಬರ್‌ಗಳಿಗೆ ಹೋಗುವ ಲಿಂಕ್‌ಗಳು.

ಸರಪಳಿ ಎಷ್ಟು ಉದ್ದ ಇರಬಹುದು? ಇಲ್ಲಿ ಒಂದೊಂದು ಸಿಸ್ಟಮ್‌ಗೆ ಒಂದೊಂದು ಲೆಕ್ಕ. ಲಿನಕ್ಸ್ ಒಂದು ಪಾತ್ ಬಿಡಿಸುವಾಗ 40 ಲಿಂಕ್‌ವರೆಗೆ ಹೋಗುತ್ತದೆ, ದಾಟಿದರೆ ಇ-ಲೂಪ್ ಎಂಬ ಎರರ್. ಮೊದಲು ಇದರ ಜೊತೆ ಇನ್ನೊಂದು ಮಿತಿ ಇತ್ತು. ಕರ್ನಲ್ ರಿಕರ್ಷನ್ (ಒಂದು ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಬಳಸುತ್ತಿದ್ದುದರಿಂದ ಒಂದರೊಳಗೊಂದು 5 ಮಟ್ಟ, 2.6.18ರ ನಂತರ 8 ಮಟ್ಟ ಅಷ್ಟೇ. ಲಿನಕ್ಸ್ 4.2 ಕರ್ನಲ್‌ನಲ್ಲಿ ಆ ರಿಕರ್ಷನ್ ತೆಗೆದುಹಾಕಿದರು, ಈಗ 40 ಒಂದೇ. ಮ್ಯಾಕ್‌ನಲ್ಲಿ 32. ವಿಂಡೋಸ್‌ನಲ್ಲಿ 63. ಎಲ್ಲರೂ ಕಡಿಮೆ ಪಕ್ಷ ಇಷ್ಟಾದರೂ ಬಿಡಿಸಬೇಕು ಅಂತ ಪಾಸಿಕ್ಸ್ (ಯುನಿಕ್ಸ್ ಥರದ ಸಿಸ್ಟಮ್‌ಗಳ ಮಾನದಂಡ) ಹೇಳುವುದು ಬರೀ 8. ಅಂದರೆ ವಿಂಡೋಸ್‌ನಲ್ಲಿ ಸಲೀಸಾಗಿ ತೆರೆಯುವ 50 ಲಿಂಕ್‌ನ ಸರಪಳಿ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ತೆರೆಯುವುದಿಲ್ಲ.

ಇನ್ನೂ ಒಂದು ವಿಚಿತ್ರ. ಗೋ ಭಾಷೆಯ ಇವ್ಯಾಲ್‌ಸಿಮ್‌ಲಿಂಕ್ಸ್ ಕರ್ನಲ್‌ಗೆ ಬಿಡದೆ ತಾನೇ ಒಂದೊಂದಾಗಿ ಬಿಡಿಸುತ್ತದೆ. ಅದರ ಮಿತಿ 255. ಲಿನಕ್ಸ್‌ನಲ್ಲಿ 50 ಲಿಂಕ್‌ನ ಸರಪಳಿ ಕೊಟ್ಟರೆ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೆ ಮೂಲ ಪಾತ್ ಕೊಟ್ಟು ತೆರೆಯಲು ಹೋದರೆ ಎರರ್. ಒಂದೇ ಪ್ರೋಗ್ರಾಮ್, ಒಂದೇ ಫೈಲ್, ಎರಡು ಅಭಿಪ್ರಾಯ.

ಈ ಲೆಕ್ಕ ಇಡೀ ಪಾತ್‌ಗೆ ಅನ್ನುವುದು ಗಮನದಲ್ಲಿರಲಿ. ಕೊನೆಯ ಹೆಸರು ಮಾತ್ರ ಲಿಂಕ್ ಆಗಿರಬೇಕು ಅಂತಿಲ್ಲ, ನಡುವಿನ ಫೋಲ್ಡರ್‌ಗಳೂ ಲಿಂಕ್ ಆಗಿರಬಹುದು. ಈಚಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಬಿನ್ ಫೋಲ್ಡರ್ ಅನ್ನುವುದೇ ಯುಎಸ್‌ಆರ್ ಬಿನ್‌ಗೆ ಲಿಂಕ್.

ಈಗ ನನ್ನ ಪ್ರಕಾರ ಅತಿ ಹೆಚ್ಚು ತಲೆನೋವು ಕೊಡುವ ವಿಷಯ: ಎರಡು ಚುಕ್ಕಿ. ಮೇಲಿನ ಫೋಲ್ಡರ್‌ಗೆ ಹೋಗು ಅನ್ನುವ ಆ ಪುಟ್ಟ ಗುರುತು. ಮೀನಿನ ಫೋಲ್ಡರ್‌ಗೇ ಮರಳೋಣ.

/ಮೀನು/ಬಂದರು → /ಡಿಸ್ಕ್2/ಮಂಗಳೂರು/ಬಂದರು

ಈಗ /ಮೀನು/ಬಂದರು/../ದರ ಅಂದರೆ ಯಾವುದು? ಕಣ್ಣಿಗೆ ಕಾಣುವ ಹಾಗೆ ಓದಿದರೆ 'ಬಂದರು' ಮತ್ತು ಎರಡು ಚುಕ್ಕಿ ಒಂದನ್ನೊಂದು ಹೊಡೆದು ಹಾಕಿ /ಮೀನು/ದರ ಉಳಿಯುತ್ತದೆ. ಲಿನಕ್ಸ್ ಹಾಗೆ ಓದುವುದಿಲ್ಲ. ಮೊದಲು ಬಂದರು ಲಿಂಕ್ ಬಿಡಿಸಿ /ಡಿಸ್ಕ್2/ಮಂಗಳೂರು/ಬಂದರು ಒಳಗೆ ಹೋಗುತ್ತದೆ, ಆಮೇಲೆ ಅಲ್ಲಿಂದ ಮೇಲೆ ಹತ್ತುತ್ತದೆ. ಉತ್ತರ /ಡಿಸ್ಕ್2/ಮಂಗಳೂರು/ದರ. ವಿಂಡೋಸ್‌ನಲ್ಲಿ ಸಾಮಾನ್ಯ ಪಾತ್ ಕೊಟ್ಟರೆ ಫೈಲ್ ಸಿಸ್ಟಮ್ ತಲುಪುವ ಮೊದಲೇ ಎರಡು ಚುಕ್ಕಿಯನ್ನು ಪಠ್ಯದ ಮಟ್ಟದಲ್ಲೇ ಅಳಿಸಿಬಿಡುತ್ತದೆ. ಉತ್ತರ /ಮೀನು/ದರ. ಒಂದೇ ಪಾತ್, ಎರಡು ಫೈಲ್. ಎರಡೂ ಫೈಲ್ ಇದ್ದರಂತೂ ಎರರ್ ಕೂಡ ಬರುವುದಿಲ್ಲ. ಸುಮ್ನೆ ತಪ್ಪು ದರ ಓದಿ ಮುಂದೆ ಹೋಗುತ್ತದೆ.

ಇದನ್ನು ನೋಡಲು ಎರಡು ಕಂಪ್ಯೂಟರ್ ಬೇಕಿಲ್ಲ. ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಮ್‌ಗೆ ಶೆಲ್ ಅನ್ನುತ್ತೇವೆ, ಬ್ಯಾಶ್ ಅಂಥ ಒಂದು ಶೆಲ್. ಬ್ಯಾಶ್‌ನಲ್ಲಿ ಲಿಂಕ್ ಆಗಿರುವ ಫೋಲ್ಡರ್ ಒಳಗೆ ಹೋಗಿ. ಫೋಲ್ಡರ್ ಬದಲಿಸುವ ಕಮಾಂಡ್ ಸಿಡಿ ಜೊತೆ ಎರಡು ಚುಕ್ಕಿ ಕೊಟ್ಟರೆ ಬಂದ ದಾರಿಗೇ ವಾಪಸ್ ಹೋಗುತ್ತೀರಿ. ಅದರ ಬದಲು ಫೋಲ್ಡರ್‌ನಲ್ಲಿ ಏನಿದೆ ಅಂತ ತೋರಿಸುವ ಎಲ್‌ಎಸ್ ಜೊತೆ ಎರಡು ಚುಕ್ಕಿ ಕೊಟ್ಟರೆ ನಿಜವಾದ ಫೋಲ್ಡರ್‌ನ ಮೇಲಿನದನ್ನು ತೋರಿಸುತ್ತದೆ. ಒಂದೇ ಟರ್ಮಿನಲ್‌ನಲ್ಲಿ ಎರಡು ಉತ್ತರ. ಶೆಲ್ ಬಂದ ದಾರಿಯನ್ನು ನೆನಪಿಟ್ಟುಕೊಂಡಿರುತ್ತದೆ, ಕರ್ನಲ್‌ಗೆ ಅದರ ಹಂಗಿಲ್ಲ.

ಲೈಬ್ರರಿಗಳೂ ಇಲ್ಲಿ ಒಮ್ಮತದಲ್ಲಿಲ್ಲ. ಗೋ ಭಾಷೆಯಲ್ಲಿ ಪಾತ್ ಜೋಡಿಸುವ ಜಾಯಿನ್ ತಾನಾಗಿ ಎರಡು ಚುಕ್ಕಿ ಅಳಿಸುತ್ತದೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಜಾಯಿನ್ ಕೂಡ ಹಾಗೆಯೇ. ಪೈಥಾನ್‌ನ ಹಳೆಯ ಜಾಯಿನ್ ಅಳಿಸುವುದಿಲ್ಲ, ನಾರ್ಮ್‌ಪಾತ್ ಅಳಿಸುತ್ತದೆ. ಲಿಂಕ್ ಇದ್ದರೆ ಅರ್ಥ ಬದಲಾಗಬಹುದು ಅಂತ ಅದರ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಪೈಥಾನ್‌ನ ಇನ್ನೊಂದು ಲೈಬ್ರರಿ ಪಾತ್‌ಲಿಬ್ ಬೇಕೆಂದೇ ಅಳಿಸದೆ ಬಿಡುತ್ತದೆ. ಸರಪಳಿ ಬಿಡಿಸುವ ಲೂಪ್ ಒಳಗೆ ಗೋ ಅಥವಾ ನೋಡ್‌ನ ಜಾಯಿನ್ ಕರೆದಿರೋ, ಲಿನಕ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಬಾಗಿಲು ತೆರೆದಂತೆ. ಹಾಗಾಗಿ ನನ್ನ ಸಲಹೆ ಸ್ವಲ್ಪ ಹಟದ್ದು: ಲೂಪ್ ಬರೆಯಲೇಬೇಡಿ. ಕೊನೆಯ ಪಾತ್ ನಿಜವಾಗಿಯೂ ಬೇಕಿದ್ದರೆ ಆಯಾ ಸಿಸ್ಟಮ್‌ನ್ನೇ ಕೇಳಿ. ಯುನಿಕ್ಸ್‌ನಲ್ಲಿ ರಿಯಲ್‌ಪಾತ್. ವಿಂಡೋಸ್‌ನಲ್ಲಿ ಫೈಲ್ ತೆರೆದು, ಆ ಹ್ಯಾಂಡಲ್‌ನ ಅಂತಿಮ ಪಾತ್ ಏನು ಅಂತ ಕೇಳುವ ಫಂಕ್ಷನ್ ಉಂಟು. ಅದು ಕೊಡುವ ಪಾತ್‌ನ ಮುಂದೆ ಬ್ಯಾಕ್‌ಸ್ಲ್ಯಾಶ್, ಪ್ರಶ್ನೆಚಿಹ್ನೆ ಎಲ್ಲ ಅಂಟಿಕೊಂಡಿರುತ್ತವೆ. ರಸ್ಟ್‌ನ ಕ್ಯಾನನಿಕಲೈಸ್ ಬಳಸಿದವರು ಇದನ್ನು ನೋಡಿ ಗಾಬರಿಯಾಗಿರುತ್ತಾರೆ. ಗಾಬರಿ ಬೇಡ, ಅದು ಸರಿಯಾದ ಪಾತೇ.

ವಿಂಡೋಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಿಮ್‌ಲಿಂಕ್ ಬಂದದ್ದು ವಿಸ್ಟಾದಲ್ಲಿ. ಅದಕ್ಕೂ ಮೊದಲು ವಿಂಡೋಸ್ 2000ದಿಂದ ಜಂಕ್ಷನ್ ಇತ್ತು. ಅದು ಫೋಲ್ಡರ್‌ಗೆ ಮಾತ್ರ, ಪೂರ್ತಿ ಪಾತ್ ಮಾತ್ರ. ಸಿಮ್‌ಲಿಂಕ್‌ನಲ್ಲೂ ಫೈಲ್‌ಗೆ ಒಂದು ಬಗೆ, ಫೋಲ್ಡರ್‌ಗೆ ಇನ್ನೊಂದು. ಲಿಂಕ್ ಮಾಡುವಾಗಲೇ ಯಾವುದು ಅಂತ ಹೇಳಬೇಕು. ಗುರಿ ಇನ್ನೂ ಹುಟ್ಟಿಲ್ಲದಿದ್ದರೆ? ಊಹಿಸಬೇಕು, ಬೇರೆ ದಾರಿಯಿಲ್ಲ. ಲಿಂಕ್ ಮಾಡಲು ಅಡ್ಮಿನ್ ಹಕ್ಕು ಬೇಕಿತ್ತು. 2017ರಿಂದ ವಿಂಡೋಸ್ 10ರಲ್ಲಿ ಡೆವಲಪರ್ ಮೋಡ್ ಹಾಕಿದರೆ ಬೇಡ. ಕೋಡ್‌ನ ಆವೃತ್ತಿಗಳನ್ನು ಇಡುವ ಗಿಟ್‌ಗೆ ಲಿಂಕ್ ಮಾಡುವ ಅನುಮತಿ ಇಲ್ಲದ ಕಡೆ ಅದು ಲಿಂಕ್‌ನ ಜಾಗದಲ್ಲಿ ಒಂದು ಸಾದಾ ಫೈಲ್ ಇಡುತ್ತದೆ, ಒಳಗೆ ಗುರಿಯ ಪಾತ್ ಬರೆದಿರುತ್ತದೆ. ತೆರೆದು ನೋಡಿದವರು ಫೈಲ್ ಹಾಳಾಗಿದೆ ಅಂದುಕೊಳ್ಳುತ್ತಾರೆ.

ಈಗ ನಮ್ಮ ಕನ್ನಡಕ್ಕೆ ಬರೋಣ. ಇಷ್ಟು ಹೊತ್ತು ಕನ್ನಡದಲ್ಲೇ ಫೋಲ್ಡರ್ ಹೆಸರು ಇಟ್ಟದ್ದು ಸುಮ್ಮನೆ ಅಲ್ಲ. 'ಕೋಟ' ಅಂತ ಒಂದು ಫೋಲ್ಡರ್ ಮಾಡಿ, ನಮ್ಮ ಉಡುಪಿ ಜಿಲ್ಲೆಯ ಕೋಟ. ಯೂನಿಕೋಡ್‌ನಲ್ಲಿ 'ಕೋ' ಬರೆಯಲು ಎರಡು ದಾರಿ. ಒಂದರಲ್ಲಿ ಓತ್ವ ಒಂದೇ ಚಿಹ್ನೆ. ಇನ್ನೊಂದರಲ್ಲಿ ಅದನ್ನು ಬಿಡಿಸಿ ಎತ್ವ, ಊತ್ವ, ದೀರ್ಘದ ಗುರುತು ಅಂತ ಮೂರು ಚಿಹ್ನೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಯುಟಿಎಫ್-8ರಲ್ಲಿ ಮೊದಲನೆಯದು 9 ಬೈಟ್, ಎರಡನೆಯದು 15 ಬೈಟ್. ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್‌ಗೆ ಇವು ಎರಡು ಬೇರೆ ಬೇರೆ ಹೆಸರು.

ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ಸಿಸ್ಟಮ್ ಫೈಲ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ನೀವು ಕೂಡಿಸಿದ ರೂಪದಲ್ಲಿ ಕೊಟ್ಟರೂ ಬಿಡಿಸಿಯೇ ಇಡುತ್ತಿತ್ತು. ಆದರೆ ಲಿಂಕ್ ಒಳಗಿನ ಪಠ್ಯವನ್ನು ಮುಟ್ಟುವುದಿಲ್ಲ, ಅದು ಹೆಸರಲ್ಲ, ಒಳಗಿನ ಸರಕು. ಮ್ಯಾಕ್‌ನಲ್ಲಿ ಇರುವವರೆಗೆ ತೊಂದರೆಯಿಲ್ಲ, ಹುಡುಕುವಾಗ ಅದು ಎರಡೂ ರೂಪವನ್ನು ಒಂದೇ ಅಂತ ನೋಡುತ್ತದೆ. ಇಡೀ ಫೋಲ್ಡರನ್ನು ಇದ್ದ ಹಾಗೇ ಲಿನಕ್ಸ್ ಸರ್ವರ್‌ಗೆ ನಕಲು ಮಾಡಿದಿರಿ ಅಂತಿಟ್ಟುಕೊಳ್ಳಿ. ಫೋಲ್ಡರ್‌ನ ಹೆಸರು 15 ಬೈಟ್‌ನ ಕೋಟ, ಲಿಂಕ್ ಒಳಗೆ 9 ಬೈಟ್‌ನ ಕೋಟ. ಲಿಂಕ್ ಸತ್ತಿತು. ಕಣ್ಣಿಗೆ ಎರಡೂ 'ಕೋಟ'ವೇ. 2017ರಿಂದ ಮ್ಯಾಕ್‌ನಲ್ಲಿ ಎಪಿಎಫ್‌ಎಸ್ ಬಂತು, ಅದು ನೀವು ಕೊಟ್ಟ ರೂಪವನ್ನೇ ಇಡುತ್ತದೆ. ಆದರೆ ಹುಡುಕುವಾಗ ಎರಡೂ ಒಂದೇ ಅನ್ನುವ ಗುಣ ಅದರಲ್ಲೂ ಉಂಟು. ಹಾಗಾಗಿ ದೋಷ ಮ್ಯಾಕ್‌ನಲ್ಲಿ ಅಡಗಿ ಕುಳಿತು ಲಿನಕ್ಸ್‌ನಲ್ಲಿ ಎದ್ದು ಬರುವುದು ಈಗಲೂ ಸಾಧ್ಯ.

ಮಜಾ ಏನೆಂದರೆ ಇದು ಎಲ್ಲ ಊರಿಗೂ ಆಗುವುದಿಲ್ಲ. ಉಡುಪಿ, ಮಲ್ಪೆ, ಕುಂದಾಪುರ, ಕಾರ್ಕಳ, ಮಂಗಳೂರು ಇವುಗಳಲ್ಲಿ ಬಿಡಿಸಬಹುದಾದ ಚಿಹ್ನೆಯೇ ಇಲ್ಲ. ಕೋಟಕ್ಕೆ ಆಗುತ್ತದೆ. ಐತ್ವ ಇರುವುದರಿಂದ ಬೈಂದೂರಿಗೆ ಆಗುತ್ತದೆ. ನಮ್ಮ 'ಮೀನು' ಫೋಲ್ಡರ್‌ಗೂ ಆಗುತ್ತದೆ, ಅದರ ಈತ್ವ ಗುಡಿಸು ಮತ್ತು ದೀರ್ಘವಾಗಿ ಒಡೆಯುತ್ತದೆ. ನೀವು ಉಡುಪಿ ಅಂತ ಹೆಸರಿಟ್ಟು ಟೆಸ್ಟ್ ಮಾಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಕನ್ನಡ ಹೆಸರಿಗೆ ಟೆಸ್ಟ್ ಬರೆಯುವವರು ದಯವಿಟ್ಟು ಕೋಟ ಅಥವಾ ಬೈಂದೂರು ಬಳಸಿ.

ಹಾಗಾದರೆ ಲಿಂಕ್ ಪಠ್ಯವನ್ನು ಓದಿದ ಕೂಡಲೇ ಒಂದು ರೂಪಕ್ಕೆ ತಂದುಬಿಡೋಣವೇ? ಬೇಡ. ಡಿಸ್ಕ್‌ನಲ್ಲಿರುವ ಹೆಸರು ಇನ್ನೊಂದು ರೂಪದಲ್ಲಿದ್ದರೆ ಬದುಕಿದ್ದ ಲಿಂಕನ್ನು ನೀವೇ ಕೊಂದ ಹಾಗೆ. ಪಠ್ಯ ಹೇಗಿದೆಯೋ ಹಾಗೇ ಸಿಸ್ಟಮ್‌ಗೆ ಕೊಡಿ. ಎರಡು ಪಾತ್ ಒಂದೇ ಫೈಲಾ ಅಂತ ನೋಡಬೇಕಿದ್ದರೆ ಅಕ್ಷರ ಹೋಲಿಸಬೇಡಿ, ಡಿವೈಸ್ ನಂಬರ್ ಮತ್ತು ಐನೋಡ್ ನಂಬರ್ (ಡಿಸ್ಕ್‌ನಲ್ಲಿ ಆ ಫೈಲ್‌ನ ಗುರುತಿನ ಸಂಖ್ಯೆ) ಹೋಲಿಸಿ. ವಿಂಡೋಸ್‌ನಲ್ಲಿ ವಾಲ್ಯೂಮ್ ನಂಬರ್ ಮತ್ತು ಫೈಲ್ ಐಡಿ. ಪೈಥಾನ್‌ನ ಸೇಮ್‌ಫೈಲ್ ಈ ಕೆಲಸ ಮಾಡುತ್ತದೆ.

ಸಿ ಬರೆಯುವವರಿಗೆ ಒಂದು ಮಾತು. ರೀಡ್‌ಲಿಂಕ್ ಪಠ್ಯದ ಕೊನೆಗೆ ಸೊನ್ನೆ ಬೈಟ್ ಹಾಕುವುದಿಲ್ಲ, ನೀವೇ ಹಾಕಬೇಕು. ಬಫರ್ ಚಿಕ್ಕದಾದರೆ ಎರರ್ ಕೊಡದೆ ಕತ್ತರಿಸಿ ಕೊಡುತ್ತದೆ. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಆದ್ದರಿಂದ ಬಫರ್ ಬೇಗ ತುಂಬುತ್ತದೆ. ಕತ್ತರಿ ಚಿಹ್ನೆಯ ನಡುವೆಯೇ ಬೀಳಬಹುದು.

ತುಂಡಾದ ಸರಪಳಿಯ ಬಗ್ಗೆಯೂ ಹೇಳಬೇಕು. ಮೊದಲ ಲಿಂಕ್ ಇದೆ, ಎರಡನೆಯದೂ ಇದೆ, ಅದರ ಗುರಿ ಇಲ್ಲ. 'ಇದೆಯಾ' ಅಂತ ಪೈಥಾನ್‌ನ ಎಕ್ಸಿಸ್ಟ್ಸ್ ಕೇಳಿದರೆ 'ಇಲ್ಲ' ಅನ್ನುತ್ತದೆ. ಲೆಕ್ಸಿಸ್ಟ್ಸ್ 'ಇದೆ' ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 'ಇಲ್ಲ' ಅಂದರು ಅಂತ ನೀವು ಅದೇ ಹೆಸರಲ್ಲಿ ಹೊಸ ಫೈಲ್ ಬರೆಯಲು ಹೋದರೆ, ಯುನಿಕ್ಸ್ ಲಿಂಕ್ ಹಿಡಿದು ಹೋಗಿ ಆ ಕೊನೆಯ ಜಾಗದಲ್ಲಿ ಫೈಲ್ ಸೃಷ್ಟಿಸುತ್ತದೆ, ನೀವು ಅಂದುಕೊಂಡಲ್ಲಿ ಅಲ್ಲ. 'ಮೊದಲೇ ಇದ್ದರೆ ಬೇಡ' ಅನ್ನುವ ಫ್ಲ್ಯಾಗ್ ಜೊತೆ ತೆರೆದರೆ ಮಾತ್ರ ನಿರಾಕರಿಸುತ್ತದೆ. ಇನ್ನೊಬ್ಬರಿಂದ ಬಂದ ಟಾರ್ ಫೈಲ್ (ಹಲವು ಫೈಲ್‌ಗಳ ಒಂದು ಕಟ್ಟು) ಬಿಚ್ಚುವಾಗ ಇದು ಸುರಕ್ಷತೆಯ ಪ್ರಶ್ನೆ. ಒಳಗೊಂದು ಲಿಂಕ್ ಹೊರಗಿನ ಫೋಲ್ಡರ್‌ಗೆ, ಆಮೇಲೆ ಆ ಲಿಂಕ್ ಮೂಲಕ ಒಂದು ಫೈಲ್ ಇಟ್ಟಿದ್ದರೆ ನಿಮ್ಮ ಹೋಮ್ ಡೈರೆಕ್ಟರಿಗೇ ಕೈ ಹಾಕಿದಂತೆ. ಮೊದಲು ಪಾತ್ ಪರೀಕ್ಷಿಸಿ ಆಮೇಲೆ ತೆರೆಯುತ್ತೇನೆ ಅಂದರೆ ಆ ಎರಡರ ನಡುವೆ ಯಾರಾದರೂ ಲಿಂಕ್ ಬದಲಿಸಬಹುದು. ಲಿನಕ್ಸ್ 5.6ರಲ್ಲಿ ಬಂದ ಓಪನ್‌ಆಟ್2 ಇದಕ್ಕೆ ಸರಿಯಾದ ಮದ್ದು: 'ಈ ಫೋಲ್ಡರ್ ಬಿಟ್ಟು ಹೊರಗೆ ಹೋಗಬೇಡ' ಅಂತ ಕರ್ನಲ್‌ಗೇ ಹೇಳಬಹುದು. ಆದರೆ ಅದು ಲಿನಕ್ಸ್‌ಗೆ ಮಾತ್ರ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಲಿಂಕ್‌ಗಳು ಸುತ್ತಿ ಸುತ್ತಿ ಅಲ್ಲಿಗೇ ಬರುವ ಲೂಪ್ ಹಿಡಿಯಲು ಎಣಿಕೆ ಯಾಕೆ? ನೋಡಿದ ಲಿಂಕ್‌ಗಳನ್ನು ಒಂದು ಸೆಟ್‌ನಲ್ಲಿ ಇಟ್ಟು, ಮತ್ತೆ ಬಂದರೆ ಲೂಪ್ ಅಂದರೆ ಸಾಕಲ್ವಾ?" ಒಳ್ಳೆಯ ಪ್ರಶ್ನೆ. ಎರಡು ಕಡೆ ಕೈಕೊಡುತ್ತದೆ. ಸರಪಳಿಯ ಎರಡು ಹೆಜ್ಜೆಗಳು ಒಂದೇ ಫೋಲ್ಡರ್ ಲಿಂಕನ್ನು, ಉದಾಹರಣೆಗೆ ಬಿನ್ ಲಿಂಕನ್ನು, ದಾಟಿ ಹೋಗಬಹುದು. ಅದು ಲೂಪ್ ಅಲ್ಲ, ನಿಮ್ಮ ಸೆಟ್ ಲೂಪ್ ಅನ್ನುತ್ತದೆ. ಅದಕ್ಕೆ ಲಿಂಕ್ ಬದಲು ಇಡೀ ಪಾತ್ ಪಠ್ಯವನ್ನು ಸೆಟ್‌ನಲ್ಲಿ ಇಟ್ಟರೆ? /ಅ ಎಂಬ ಲಿಂಕ್ /ಅ/ಬ ಕಡೆ ತೋರಿಸಿದರೆ ಬಿಡಿಸುತ್ತಾ ಹೋದ ಹಾಗೆ /ಅ/ಬ, /ಅ/ಬ/ಬ, /ಅ/ಬ/ಬ/ಬ ಅಂತ ಬೆಳೆಯುತ್ತದೆ. ಒಂದೂ ಪುನರಾವರ್ತನೆ ಆಗುವುದಿಲ್ಲ, ಸೆಟ್ ಎಂದೂ ಲೂಪ್ ಹಿಡಿಯುವುದಿಲ್ಲ. ಎಣಿಕೆ ಒರಟು, ಆದರೆ ಎರಡನ್ನೂ ನಿಭಾಯಿಸುತ್ತದೆ. ಕರ್ನಲ್‌ಗಳೂ ಎಣಿಕೆಯನ್ನೇ ನಂಬುವುದು.

ಇನ್ನೊಬ್ಬರು, ಕೆಲಸದಲ್ಲಿರುವವರು, ಕೇಳಿದರು: "ನಮ್ಮ ಟೆಸ್ಟ್‌ಗಳು ಲಿನಕ್ಸ್‌ನಲ್ಲಿ ಪಾಸ್, ಮ್ಯಾಕ್‌ನಲ್ಲಿ ಫೇಲ್ ಆಗ್ತವೆ ಮಾರಾಯ್ರೇ. ಲಿಂಕ್ ಬಿಡಿಸಿ ಬಂದ ಪಾತ್ ನಾವು ಕೊಟ್ಟ ಟೆಂಪ್ ಫೋಲ್ಡರ್‌ನಲ್ಲಿ ಇರುವುದೇ ಇಲ್ಲ." ಮ್ಯಾಕ್‌ನಲ್ಲಿ ಟಿಎಂಪಿ, ವಾರ್, ಇಟಿಸಿ ಮೂರೂ 'ಪ್ರೈವೇಟ್' ಫೋಲ್ಡರ್ ಒಳಗೆ ಹೋಗುವ ಲಿಂಕ್‌ಗಳು. ನಿಮ್ಮ ಕೋಡ್ ಸರಿಯಾಗಿಯೇ ಬಿಡಿಸಿದೆ. ನೀವು ನಿರೀಕ್ಷಿಸಿದ ಪಾತ್‌ನ್ನು ಬಿಡಿಸಿಲ್ಲ, ಅಷ್ಟೇ. ಟೆಸ್ಟ್ ಶುರುವಾಗುವಾಗ ಟೆಂಪ್ ಫೋಲ್ಡರ್‌ನ ಪಾತ್‌ನ್ನು ಒಮ್ಮೆ ರಿಯಲ್‌ಪಾತ್‌ಗೆ ಕೊಟ್ಟು ಬಂದದ್ದನ್ನು ಬಳಸಿ, ಸರಿಹೋಗುತ್ತದೆ. ಅದರಿಂದಲೂ ಸರಿಹೋಗದಿದ್ದರೆ ಫೋಲ್ಡರ್ ಹೆಸರಲ್ಲಿ ಕನ್ನಡ ಇದೆಯಾ ನೋಡಿ.